ಮಾಳಿಗೆಯ ಮೇಲಿನ ಎತ್ತು

ಕಾವೇರಿ ತಟ್ಟಿದ ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕುವ ಹೊತ್ತಿಗೆ ಸರಿಯಾಗಿ ಸುಂದರವ್ವ ಕೇಳಿದಳು.

“ಹೂಂ, ಶುರು ಮಾಡವಾ. ರವಿವಾರದ ಸಿನೆಮಾದ್ದು ಏನ್ ಕಥಿ?”

ಕಾವೇರಿ ಒದ್ದೆ ಅರಿವೆಯಿಂದ ರೊಟ್ಟಿಯ ಮೇಲೆ ನೀರು ಸವರಿದಳು. ಅರಿವೆಯನ್ನು ಮತ್ತೆ ಅದ್ದಿ ಹಿಂಡಿದಳು. ಸವರಿದ್ದನ್ನೇ ಇನ್ನೊಮ್ಮೆ ಸವರಿದಳು.

“ಕಥಿ ಇಲ್ಲಕ್ಕಾ,” ಅಂದಳು.

ಅಂಗಳದ ತುಂಬ ತಟ್ಟುವ ಸಪ್ಪಳ ಒಮ್ಮೆಲೇ ನಿಂತಿತು.

ಸುಂದರವ್ವನ ಮಗಳ ಮದುವೆಗೆ ಒಣಗಿಸಿಡುವ ಕಟಕ್ ರೊಟ್ಟಿ ಬಡಿಯಲು ಇಂಡಿ ಪಟ್ಟಣದ ಆ ಓಣಿಯ ಹೆಂಗಸರೆಲ್ಲ ಅಲ್ಲಿ ಸೇರಿದ್ದರು. ರೊಟ್ಟಿ ಬಡಿಯುವುದಕ್ಕೆ ಆ ಓಣಿಯಲ್ಲಿ ಒಂದು ಕಟ್ಟಳೆಯಿದೆ. ಎಲ್ಲರ ಕೈ ನಡೆಯಬೇಕಾದರೆ ಒಬ್ಬಳ ಬಾಯಿ ನಡೆಯಬೇಕು, ಆ ಬಾಯಿ ಸಿನೆಮಾದ ಕಥೆ ಹೇಳಬೇಕು. ಹಾಗೆ ಹೇಳುವವಳಿಗೆ ಗೋಡೆ ಮಗ್ಗುಲಿನ ಒಲೆ. ಗಾಳಿ ಯಾವ ದಿಕ್ಕಿನಿಂದ ಬೀಸಲಿ, ಆ ಒಲೆಯ ಹೊಗೆ ಕೂತವಳ ಕಣ್ಣಿಗೆ ಹೋಗುವುದಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಆ ಒಲೆ ಕಾವೇರಿಯದು. ಆಕೆ ಕಥೆ ಹೇಳಿದರೆ ನೋಡಿದವರೂ ಮತ್ತೆ ಕೇಳುತ್ತಿದ್ದರು. ನಾಯಕನ ತಾಯಿ ಸಾಯುವಾಗ ಎಷ್ಟೋ ರೊಟ್ಟಿಗಳು ಹಂಚಿನ ಮೇಲೆ ಕರಕಾಗಿದ್ದವು, ಖಳನಾಯಕ ಸಿಕ್ಕಿಬಿದ್ದಾಗ ಎಷ್ಟೋ ರೊಟ್ಟಿಗಳು ಬೇಕಾದದ್ದಕ್ಕಿಂತ ಜೋರಾಗಿ ಪೆಟ್ಟು ತಿಂದು ಹರಿದಿದ್ದವು. ಅಂಥ ಕಾವೇರಿ ಕಥೆಯಿಲ್ಲ ಅಂದಳು.

“ಇಲ್ಲ ಅಂದ್ರ? ಎರಡು ತಾಸು ಬಿಳೆ ಅರಿವಿ ನೋಡ್ಕೋತ ಕುಂತಿದ್ದೇನು?” ಓಣಿಗೆಲ್ಲ ಹಿರಿಯಳಾದ ಸೈದಾಬಿ ಕೇಳಿದಳು.

“ಇತ್ತು ಅತ್ತಿ. ಏನೇನೋ ಇತ್ತು. ಕಥಿ ಒಂದs ಇರಲಿಲ್ಲ.”

“ಗೋಡೆ ಒಲಿ ಹಿಡ್ಕೊಂಡು ಕುಂತಾಕಿ ಹಿಂಗ ಮಾತಾಡಬಾರದು ನೋಡು,” ಅಂದಳು ಸುಂದರವ್ವ. ಎದುರಿನ ಹೊಗೆಯ ಒಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ರಾಜಬಿ ತಲೆಯೆತ್ತಿದಳು. ರಾಜಬಿ ಟೀವಿ ಧಾರಾವಾಹಿಗಳ ಕಥೆ ಹೇಳುವವಳು. ಆಕೆಯ ಕಥೆಗಳಿಗೆ ಮುಕ್ತಾಯವೇ ಇಲ್ಲವೆಂಬ ಒಂದೇ ಕಾರಣಕ್ಕೆ ಆಕೆಗೆ ಇಷ್ಟು ದಿನ ಆ ಒಲೆ ತಪ್ಪಿತ್ತು.

ಇದೆಲ್ಲ ಶುರುವಾದದ್ದು ಕಾವೇರಿಯ ಗಂಡ ರೇವಣಪ್ಪನಿಂದ.

ರೇವಣಪ್ಪನದು ಪೆಂಡಾಲು, ಕುರ್ಚಿ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಧಂದೆ. ಈಚೆಗೆ ಸೊಲ್ಲಾಪುರದಿಂದ ಆಳೆತ್ತರದ ಎರಡು ಸ್ಪೀಕರು ತಂದಿದ್ದ. “ಇಲ್ಲಿ ಹಚ್ಚಿದ್ರ ಝಳಕಿ ಢಾಬಾದಾಗ ಚಹಾದ ಕಪ್ಪು ನಡಗತಾವ,” ಎಂದು ಎದುರು ಬಂದವರಿಗೆಲ್ಲ ಹೇಳುತ್ತಿದ್ದ. ಆದರೆ ಅವನ್ನು ಹಚ್ಚಲು ತಕ್ಕ ಸಂದರ್ಭ ಒದಗಿರಲಿಲ್ಲ. ಆಗ ಕಾಲೇಜಿನ ಅಫ್ತಾಬ ಸರ್ ಕುರ್ಚಿ ಕೇಳಿಕೊಂಡು ಬಂದರು. ಎಳೆಯ ವಯಸ್ಸಿನ ಮಾಸ್ತರು, ಮೆತ್ತಗಿನ ಮಾತು. ಊರವರಿಗೆ ದೇಶವಿದೇಶದ ಸಿನೆಮಾ ತೋರಿಸಬೇಕೆಂಬ ಹುಚ್ಚು. ಅದೂ ನಾಯಕ ನಾಯಕಿಯ ಸಿನೆಮಾ ಅಲ್ಲ; ಕನಸಿದ್ದ ಹಾಗೆ ಇರುವಂಥವು, ಹಿಂದುಮುಂದು ಇಲ್ಲದವು.

“ಕನಸಿನಂಥ ಸಿನೆಮಾ ಅಂದ್ರ ನನಗ ಜೀವ ಸರ್,” ಅಂದ ರೇವಣಪ್ಪ. “ನಾ ಕನಸೂ ಅಂಥಾವನ್ನs ಕಾಣತೇನಿ.”

ಒಳಗೆ ಚಹಾ ಸೋಸುತ್ತಿದ್ದ ಕಾವೇರಿಗೆ ಇದು ಹೊಸ ಸುದ್ದಿ. ಇಷ್ಟು ವರ್ಷದ ಸಂಸಾರದಲ್ಲಿ ಗಂಡ ತನಗೆ ಬಿದ್ದ ಕನಸೆಂದು ಹೇಳಿದ್ದು ಒಂದೇ: ತಾಳಿಕೋಟೆಯ ಮದುವೆಗೆ ಒಯ್ದ ಕುರ್ಚಿಗಳನ್ನು ವಾಪಸು ತಂದು ಎಣಿಸಿದರೆ ಎಲ್ಲ ಸರಿಯಾಗಿದ್ದವು ಎಂಬ ಕನಸು. ಅದನ್ನು ಆತ ದುಃಸ್ವಪ್ನ ಎಂದಿರಲಿಲ್ಲ, ಸುಸ್ವಪ್ನ ಎಂದಿದ್ದ.

ಅಂತೂ ಕುರ್ಚಿಗಳೂ ಸ್ಪೀಕರುಗಳೂ ಪುಕ್ಕಟೆಯಾಗಿ ವಾಚನಾಲಯದ ಹಿಂದಿನ ಸಭಾಗೃಹಕ್ಕೆ ಹೋದವು. ಬದಲಿಗೆ ಮೊದಲ ಸಾಲಿನಲ್ಲಿ ರೇವಣಪ್ಪನಿಗೊಂದು ಜಾಗ, ಅವನ ಓಣಿಯವರಿಗೆಲ್ಲ ಆಮಂತ್ರಣ. ಓಣಿಯ ಹೆಂಗಸರು ತಲೆ ಬಾಚಿ, ಹೂ ಮುಡಿದು, ಶೇಂಗಾದ ಪೊಟ್ಟಣ ಕಟ್ಟಿಕೊಂಡು ಬಂದರು. ನಳದ ನೀರು ಬಿಡುವ ನಬಿಲಾಲನೂ ಬಂದ. ತನ್ನ ಉದ್ದನೆಯ ಕಬ್ಬಿಣದ ಕೀಲಿಯನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಮೂರನೆಯ ಸಾಲಿನಲ್ಲಿ ಕೂತ. ನಬಿಲಾಲ ಎಲ್ಲಿದ್ದಾನೆಂದು ಸದಾ ತಿಳಿದಿರುವುದು ಆ ಓಣಿಯಲ್ಲಿ ಸಂಸಾರದ ಜಾಣತನ. ಏಕೆಂದರೆ ಅಲ್ಲಿ ನೀರು ಬರುವುದಕ್ಕೆ ವಾರವಿಲ್ಲ, ವೇಳೆಯಿಲ್ಲ. ಬಂದಾಗ ಬಂತು. ಎದ್ದವರಿಗೆ ಸಿಕ್ಕಿತು.

ಸಿನೆಮಾದಲ್ಲಿ ಒಂದು ದೊಡ್ಡ ಮನೆಯಿತ್ತು. ಅದರೊಳಗೆ ಒಬ್ಬ ಹೆಂಗಸು. ಆಕೆ ಊಟಕ್ಕೆ ಕೂತವರ ತಾಟುಗಳಿಗೆ ಬೀಗದ ಕೈಗಳನ್ನು ಬಡಿಸಿದಳು. ಅವರು ಏನೂ ಆಗದವರಂತೆ ಕೈತೊಳೆದರು. ಟೊಪ್ಪಿಗೆ ಹಾಕಿದ ಒಬ್ಬ ಮನುಷ್ಯ ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಿದ್ದ. ಹೋದವನು ಮತ್ತೆ ಬೀದಿಯ ಬಾಗಿಲಿನಿಂದ ಒಳಗೆ ಬರುತ್ತಿದ್ದ. ಮಾಳಿಗೆಯ ಮೇಲೆ ಒಂದು ಎತ್ತು ನಿಂತಿತ್ತು. ಅದು ಯಾಕೆ ನಿಂತಿದೆಯೆಂದು ಯಾರೂ ಹೇಳಲಿಲ್ಲ, ಎತ್ತೂ ಹೇಳಲಿಲ್ಲ.

ಹೆಂಗಸರು ಶೇಂಗಾ ತಿನ್ನುತ್ತ ಕಥೆ ಶುರುವಾಗುವುದನ್ನು ಕಾಯ್ದರು. ಕಾವೇರಿ ಮಾತ್ರ ಶೇಂಗಾ ಬಿಚ್ಚುವುದನ್ನು ಮರೆತಿದ್ದಳು.

ಆಗ ತೆರೆಯ ಮೇಲಿನ ಹೆಂಗಸು ಅಡುಗೆಮನೆಗೆ ಹೋಗಿ ನಳ ತಿರುವಿದಳು. ಮೊದಲು ಗಾಳಿ ಬಂತು. ನಳ ಸುಸ್ ಸುಸ್ ಎಂದು ಕೆಮ್ಮಿತು, ಗಂಟಲು ಕೆರೆಯಿತು, ಆಮೇಲೆ ಧೋ ಎಂದು ಸುರಿಯಿತು. ಈ ಸಪ್ಪಳ ಸೊಲ್ಲಾಪುರದ ಸ್ಪೀಕರಿನಿಂದ ಹೊರಟು ಸಭಾಗೃಹದ ತಗಡುಗಳನ್ನು ನಡುಗಿಸಿ, ಕಿಟಕಿಯಿಂದ ಹಾಯ್ದು ಓಣಿಯ ತುದಿಯವರೆಗೆ ಹೋಯಿತು.

“ನಳಾ ಬಂತು!” ಎಂದು ಚೀರಿ ಮೊದಲು ಎದ್ದವನು ರೇವಣಪ್ಪನೇ. ಆತ ಹಿಂದಿನ ಅರ್ಧ ತಾಸಿನಿಂದ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. “ಕೊಡಾ ತಗೀರಿ! ನೀರಿನ ಟಾಕಿ ಮುಚ್ಚಳಾ ತಗೀರಿ!”

ಉಳಿದದ್ದು ಕ್ಷಣದಲ್ಲಿ ನಡೆಯಿತು. ಹೆಂಗಸರು ಎದ್ದರು. ಕುರ್ಚಿಗಳು ಉರುಳಿದವು. ಸೈದಾಬಿ ಮೊಣಕಾಲು ನೋವನ್ನು ಅಲ್ಲಿಯೇ ಬಿಟ್ಟು ಓಡಿದಳು. ಎಲ್ಲರಿಗಿಂತ ಗಾಬರಿಯಾದವನು ನಬಿಲಾಲ. “ನಾ ಇಲ್ಲೇ ಅದೇನಲ್ರೀ! ಯಾರ್ ಬಿಟ್ರು? ಕೀಲಿ ನನ್ನ ಕೈಯಾಗ ಐತಿ!” ಎಂದು ಕೂಗುತ್ತ ಆತನೂ ಹೊರಗೆ ಬಿದ್ದ. ಹೊರಗೆ, ಸಿನೆಮಾಕ್ಕೆ ಬಾರದವರು ಆಗಲೇ ಕೊಡಗಳ ಸಮೇತ ರಸ್ತೆಗೆ ಬಂದಿದ್ದರು. ನಳಗಳು ಒಣಗಿದ್ದವು. ಸಪ್ಪಳ ಕೇಳುತ್ತಿದೆ, ನೀರಿಲ್ಲ! ಇದರರ್ಥ ಒಂದೇ ಎಂದು ಓಣಿ ತೀರ್ಮಾನಿಸಿತು: ನಬಿಲಾಲ ಮೇಲಿನ ಓಣಿಗೆ ನೀರು ಬಿಟ್ಟು, ತಾನು ಸಿನೆಮಾ ನೋಡುವ ಸೋಗು ಹಾಕಿದ್ದಾನೆ. ನಬಿಲಾಲ ತನ್ನ ತಾಯಿಯ ಮೇಲೆ ಆಣೆ ಹಾಕಿದ. ತಾಯಿ ಇಮಾಮಬಿ ಎರಡು ಕೊಡ ಹಿಡಿದು ಪಕ್ಕದಲ್ಲೇ ನಿಂತಿದ್ದಳು, ಆಕೆಯೂ ನಂಬಲಿಲ್ಲ.

ಕಡೆಗೆ ಯಾರೋ ಸಪ್ಪಳದ ಜಾಡು ಹಿಡಿದು ಅದು ಸ್ಪೀಕರಿನದೆಂದು ಪತ್ತೆ ಮಾಡಿದರು. ಕೊಡ ಮನೆಗೆ ಇಟ್ಟುಬರುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಖಾಲಿ ಕೊಡಗಳನ್ನು ಹೊತ್ತೇ ಹೆಂಗಸರು ಸಭಾಗೃಹಕ್ಕೆ ಮರಳಿ, ಅವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ತೆರೆಯ ಮೇಲೆ, ನೀರು ತುಂಬಿದ ಮನೆಯ ಮುಂದೆ, ಅಕ್ಷರಗಳು ಮೇಲಕ್ಕೆ ಹೋಗುತ್ತಿದ್ದವು. ಸಿನೆಮಾ ಮುಗಿದಿತ್ತು.

ಬಾಗಿಲಲ್ಲಿ ನಿಂತಿದ್ದ ಅಫ್ತಾಬ ಸರ್ ಇದನ್ನೆಲ್ಲ ನೋಡಿದರು. ಅವರ ಕಣ್ಣು ತುಂಬಿತ್ತು. ರೇವಣಪ್ಪನ ಕೈ ಹಿಡಿದರು.

“ರೇವಣಪ್ಪನವರ, ತೆರೀ ಮ್ಯಾಲ ನೀರು ತುಂಬಿದ ಮನಿ. ಮುಂದ ಖಾಲಿ ಕೊಡಾ ಹಿಡಿದ ಹೆಣ್ಣಮಕ್ಕಳು. ಇದನ್ನ ನೀವು ಮೊದಲs ವಿಚಾರ ಮಾಡಿದ್ರೇನ್ರಿ?”

ಇಷ್ಟು ಗೌರವದಿಂದ ಕೇಳಿದ ಪ್ರಶ್ನೆಗೆ ಇಲ್ಲವೆಂದು ಹೇಳಿ ರೇವಣಪ್ಪನಿಗೆ ರೂಢಿಯಿರಲಿಲ್ಲ.

“ಹೌದ್ರಿ ಸರ್,” ಅಂದ. ಸತ್ಯಕ್ಕೂ ಒಂದಿಷ್ಟು ಜಾಗ ಬಿಡಬೇಕೆನ್ನಿಸಿ, “ಒಂದೀಟು,” ಎಂದು ಸೇರಿಸಿದ.

ಆ ‘ಒಂದೀಟು’ ಮರುದಿನದ ಹೊತ್ತಿಗೆ ಬೆಳೆದುನಿಂತಿತ್ತು. ಬಸವನ ಬಾಗೇವಾಡಿಯಲ್ಲಿ ಅಫ್ತಾಬ ಸರ್ ಅವರ ಗೆಳೆಯರ ಬಳಗವೊಂದಿತ್ತು. ಬರುವ ರವಿವಾರ ಅದೇ ಸಿನೆಮಾ ಅಲ್ಲಿ, ಸಿನೆಮಾಕ್ಕೆ ಮೊದಲು ‘ಪ್ರಯೋಗಶೀಲ ಕಲಾವಿದ ರೇವಣಪ್ಪನವರಿಂದ’ ಮಾತು. ಸುದ್ದಿ ಕೇಳಿ ರೇವಣಪ್ಪ ಹೊಸ ಜಾಕೀಟು ಹೊಲಿಯಲು ಹಾಕಿದ. ಆಮೇಲೆ ಅವನಿಗೆ ಒಂದು ಸಣ್ಣ ತೊಡಕು ನೆನಪಾಯಿತು. ಸಿನೆಮಾದ ಮೊದಲರ್ಧ ಆತ ಸ್ಪೀಕರಿನ ತಂತಿ ನೋಡುತ್ತಿದ್ದ, ನಡುವೆ ಮಲಗಿದ್ದ, ಕಡೆಗೆ ನೀರಿಗೆ ಓಡಿದ್ದ.

“ಏ ಕಾವೇರಿ, ಆ ಸಿನೆಮಾದ ಕಥಿ ಏನು?”

“ಕಥಿ ಇಲ್ಲರಿ.”

“ಎಲ್ಲಾರೂ ಓಡಿ ಬಂದ್ರು, ನೀ ಬರಲಿಲ್ಲ. ಒಬ್ಬಾಕೆನs ಕುಂತು ಕಡೀತನಕ ನೋಡಿದಿ. ಈಗ ಕಥಿ ಇಲ್ಲ ಅಂತಿ?”

“ತಿಳೀಲಿಲ್ಲ ಅಂತ ಹೇಳಿಬಿಡ್ರಿ. ಏನಾತು?”

“ತಿಳೀಲಿಲ್ಲ ಅನ್ನಾಕ ಜಾಕೀಟ ಹಾಕ್ಕೊಂಡು ಬಾಗೇವಾಡಿಗೆ ಹೋಗಬೇಕೇನು?”

ಓಣಿಯವರಿಗೆ ಇನ್ನೊಂದು ವಿಷಯ ನುಂಗಲಾರದ್ದಾಗಿತ್ತು. ಅದು ಸುಂದರವ್ವನ ಅಂಗಳದಲ್ಲಿ ಈಗ ಹೊರಬಿತ್ತು.

“ಕಥಿ ಇರಲಿ,” ಅಂದಳು ಸೈದಾಬಿ. “ನಳಾ ಬಂತು ಅಂತ ಊರs ಎದ್ದು ಓಡ್ತು. ನೀ ಯಾಕ ಏಳಲಿಲ್ಲ ಬೇ?”

“ಅದು ಸಿನೆಮಾದ ನಳ ಅಂತ ಗೊತ್ತಿತ್ತು ಅತ್ತಿ.”

“ಗೊತ್ತಿದ್ರೂ ಏಳಬೇಕವಾ! ನೀರಿನ ಸಪ್ಪಳಕ್ಕ ಕುಂತಾಕಿ ಹೆಣ್ಣಮಗಳೇನು?”

ಮಾತು ತಿರುಗಿಸಲೆಂದೇ ಕಾವೇರಿ ಸಿನೆಮಾವನ್ನು ಕಂಡಂತೆ ಹೇಳತೊಡಗಿದಳು. “ಒಂದು ಮನಿ. ಮಾಳಿಗಿ ಮ್ಯಾಲ ಒಂದು ಎತ್ತು...”

“ತಡಿ,” ಅಂದಳು ಸುಂದರವ್ವ. “ಮಾಳಿಗಿಗೆ ಎತ್ತು ಹ್ಯಾಂಗ ಹೋತು?”

“ಅದನ್ನ ಹೇಳಂಗಿಲ್ಲ.”

“ಹೇಳಂಗಿಲ್ಲ ಅಂದ್ರ ನಮಗ ತಿಳಿಯಂಗಿಲ್ಲೇನು? ಕರು ಇದ್ದಾಗ ಏರಿಸ್ಯಾರ. ಅಲ್ಲೇ ಮೇವು, ಅಲ್ಲೇ ನೀರು. ಬೆಳದು ದೊಡ್ಡದಾತು, ಇಳಿಸಾಕ ಬರಲಿಲ್ಲ.”

“ತವರಮನಿ ಕರು ಇರಬೇಕು,” ಅಂದಳು ರಾಜಬಿ. “ಕೆಳಗ ಕಟ್ಟಿದ್ರ ಅತ್ತಿ ಮನಿಯವ್ರು ಮಾರ್ತಾರ ಅಂತ ಮ್ಯಾಲ ಬಚ್ಚಿಟ್ಟಾಳ.”

ಅಂಗಳದಲ್ಲಿ ತಟ್ಟುವ ಸಪ್ಪಳ ಮತ್ತೆ ಶುರುವಾಯಿತು. ಕಾವೇರಿ ಬೀಗದ ಕೈ ಬಡಿಸಿದ್ದನ್ನು ಹೇಳಿದಳು. ಸೈದಾಬಿ ತೊಡೆ ತಟ್ಟಿದಳು. “ಸಾಕಾಗಿ ಬಡಿಸ್ಯಾಳ! ತಗೋರಿ, ನಿಮ್ಮ ಸಂಸಾರ ನೀವs ತಿನ್ರಿ ಅಂತ ಬಡಿಸ್ಯಾಳ!” ಅಷ್ಟೂ ಹೆಂಗಸರು ಒಪ್ಪಿಕೊಂಡು ತಲೆದೂಗಿದರು. ಮೆಟ್ಟಿಲು ಹತ್ತುವ ಟೊಪ್ಪಿಗೆಯ ಮನುಷ್ಯ ಗಂಡನಾಗಲಾರ, ಏಕೆಂದರೆ ಗಂಡಂದಿರು ಅಷ್ಟು ಸಲ ಮನೆಗೆ ಬರುವುದಿಲ್ಲ. ಆದ್ದರಿಂದ ಆತ ಮೈದುನ. ಗಂಡ ದುಡಿಯಲು ಗೋವಾಕ್ಕೆ ಹೋಗಿದ್ದಾನೆ, ಮೈದುನನ ಕಣ್ಣು ಆಸ್ತಿಯ ಮೇಲಿದೆ, ಎತ್ತಿನ ಮೇಲೂ ಇದೆ. ಕಡೆಗೆ ಆಕೆ ಸಿಟ್ಟಿಗೆದ್ದು ನಳ ಬಿಟ್ಟು ಮನೆಯನ್ನೇ ಮುಳುಗಿಸುತ್ತಾಳೆ. ಮೈದುನ ಈಜಿಕೊಂಡು ಬಂದು, “ವೈನಿ, ನಂದು ತಪ್ಪಾತು,” ಎಂದು ಕಾಲಿಗೆ ಬೀಳುತ್ತಾನೆ.

“ನೀರಾಗ ಕಾಲು ಹ್ಯಾಂಗ ಕಾಣಬೇಕು?” ಎಂದು ಯಾರೋ ಕೇಳಿದರು.

“ಹುಡುಕಿ ಬೀಳತಾನ,” ಅಂದಳು ಸುಂದರವ್ವ.

ಆ ಹೊತ್ತಿಗೆ ಅಂಗಳದ ಮೇಲೆ, ಬಿದಿರಿನ ಗಳುವಿನ ತುದಿಯಲ್ಲಿ, ಮದುವೆಯ ಪೆಂಡಾಲಿನ ಬಟ್ಟೆ ಕಟ್ಟುತ್ತಿದ್ದವನು ರೇವಣಪ್ಪ. ಕೆಳಗಿನವರಿಗೆ ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ತವರಿನ ಕರುವಿನ ಮಾತಿಗೆ ಆ ಕಾಲುಗಳು ಅಲುಗಾಡುವುದನ್ನು ನಿಲ್ಲಿಸಿದ್ದನ್ನು ಕಾವೇರಿ ನೋಡಿದಳು. ಮೈದುನ ಕಾಲಿಗೆ ಬೀಳುವಾಗ ಎಡಗಾಲು ಬಲಗಾಲನ್ನು ಕಣ್ಣೊರೆಸಿದಂತೆ ಒರೆಸಿತು.

“ಹಿಂಗ ಇತ್ತಿಲ್ಲೋ ಕಥಿ?” ಸುಂದರವ್ವ ಗೆದ್ದವಳಂತೆ ಕೇಳಿದಳು. “ಖರೆ ಕಡೀಕ ಏನಾತು ಅನ್ನೂದು ನೀ ಒಬ್ಬಾಕೆನs ನೋಡೀಯವಾ. ಬಾಗೇವಾಡಿಯಿಂದ ಬಂದ ಮ್ಯಾಲ ನೀಟಾಗಿ ಹೇಳು. ಇಲ್ಲಂದ್ರ ಈ ಒಲಿ ರಾಜಬಿಗೆ.”

ಸಂಜೆ ಮನೆಗೆ ಬಂದ ರೇವಣಪ್ಪನ ಮುಖ ಬೆಳಗುತ್ತಿತ್ತು. “ಎಲ್ಲಾ ತಿಳೀತು. ಏನ್ ಸಿನೆಮಾ ಅದು! ಪಾಪ, ಆ ಹೆಣ್ಣಮಗಳು.”

“ಅದು ಸಿನೆಮಾದಾಗ ಇಲ್ಲರಿ. ರೊಟ್ಟಿ ಬಡಿವಾಗ ನಾವು ಕಟ್ಟಿದ್ದು. ಮೈದುನ ಅಂತ ಯಾರೂ ಇಲ್ಲ.”

“ಅಷ್ಟು ಮಂದಿ ಹೆಂಗಸರು ಸುಳ್ಳ ಹೇಳತಾರೇನು? ನೀ ಸುಮ್ಮನಿರು,” ಅಂದ ರೇವಣಪ್ಪ. ಸತ್ಯವು ಬಹುಮತದಲ್ಲಿರುತ್ತದೆಂಬ ನಂಬಿಕೆ ಅವನಿಗೆ ಹಿಂದೊಮ್ಮೆ ವಾರ್ಡಿನ ಚುನಾವಣೆಗೆ ಮೈಕು ಕಟ್ಟಿದಾಗಿನಿಂದ ಬಂದದ್ದು.

ಬಾಗೇವಾಡಿಯ ಸಭೆಗೆ ಮೊದಲು ರೇವಣಪ್ಪ ಇನ್ನೊಂದು ಕೆಲಸ ಮಾಡಿದ. ಒಂದು ಆಟೋಕ್ಕೆ ಸ್ಪೀಕರು ಕಟ್ಟಿ ಆ ಊರಿನ ಬೀದಿ ಬೀದಿಯಲ್ಲಿ ಸಾರಿಸಿದ: “ಅಕ್ಕತಂಗಿಯರೇ, ಮೈದುನನ ಕಾಟ ತಾಳಲಾರದೆ ಕಣ್ಣೀರಿನಲ್ಲಿ ಮನೆಯನ್ನೇ ಮುಳುಗಿಸಿದ ಸಾಧ್ವಿಯ ಕಥೆ! ತಪ್ಪದೇ ಕುಟುಂಬ ಸಮೇತ ಬನ್ನಿರಿ!” ಗೆಳೆಯರ ಬಳಗವು ಬಂದವರು ಕೂತರೆ ಸಾಕೆಂದು ಎರಡು ಸಾಲು ಕುರ್ಚಿ ಹಾಕಿತ್ತು. ಕಲ್ಯಾಣ ಮಂಟಪ ತುಂಬಿ ಮೆಟ್ಟಿಲ ಮೇಲೆ ಜನ ನಿಂತರು. ಹೆಂಗಸರು ಕೈಯಲ್ಲಿ ಕರವಸ್ತ್ರ ಹಿಡಿದೇ ಬಂದಿದ್ದರು. ಟೆಂಪೋ ಮಾಡಿಕೊಂಡು ಬಂದ ಇಂಡಿಯ ಓಣಿಯವರು ಮುಂದಿನ ಸಾಲಿನಲ್ಲಿದ್ದರು. ನಡುವೆ ಸುಂದರವ್ವ, ತನ್ನ ಕಥೆಯನ್ನು ನೋಡಲು ಬಂದವಳು.

ರೇವಣಪ್ಪ ಮಾತಾಡಿದ. ಎತ್ತನ್ನು ಕರುವಾಗಿದ್ದಾಗ ಮಾಳಿಗೆಗೆ ಏರಿಸಿದ ಭಾಗಕ್ಕೆ ಬಂದಾಗ ಆತ ಜೇಬಿನಿಂದ ಕರವಸ್ತ್ರ ತೆಗೆದ. ಮೈದುನ ಈಜಿ ಬರುವಾಗ ಅಜ್ಜಿಯರು ಮೂಗೊರೆಸಿಕೊಂಡರು. ವೇದಿಕೆಯ ಮೇಲಿದ್ದ ಅಫ್ತಾಬ ಸರ್ ಮೊದಲು ಮುಗುಳ್ನಕ್ಕರು, ಆಮೇಲೆ ಸಿನೆಮಾ ಬದಲಾಗಿದೆಯೋ ಎಂದು ಲ್ಯಾಪ್‌ಟಾಪು ನೋಡಿದರು, ಆಮೇಲೆ ನೀರು ಕುಡಿದರು.

ದೀಪ ಆರಿತು. ಮನೆ ಬಂತು. “ಇದs ಮನಿ,” ಎಂದಿತು ಸಭೆ. ಎತ್ತು ಬಂತು. “ಅಯ್ಯ, ಬಡವಾಗೈತಿ,” ಎಂದು ಮರುಗಿತು. ಟೊಪ್ಪಿಗೆಯವನು ಬಂದಾಗ ನಾಲ್ಕೂ ಕಡೆಯಿಂದ ಬೈಗಳು ಬಿದ್ದವು. ಆತ ಮೆಟ್ಟಿಲು ಹತ್ತಿದ, ಬೀದಿಯಿಂದ ಬಂದ, ಮತ್ತೆ ಹತ್ತಿದ, ಒಂದು ಕೆಟ್ಟ ಮಾತೂ ಆಡಲಿಲ್ಲ. ಸಭೆ ಚಡಪಡಿಸಿತು. ಕಡೆಗೆ ನಳ ಕೆಮ್ಮಿತು, ನೀರು ಸುರಿಯಿತು, ಮೆಟ್ಟಿಲು ಮುಳುಗಿದವು. ಈಗ ಮೈದುನ ಈಜಿ ಬರಬೇಕು. ಜನ ಕುರ್ಚಿಯ ತುದಿಗೆ ಸರಿದರು. ಬರಲಿಲ್ಲ.

“ಮೈದುನ ಎಲ್ಲಿ?” ಎಂದು ಹಿಂದಿನಿಂದ ಒಂದು ದನಿ.

“ಕಾಲಿಗೆ ಬೀಳೂದು ತಗದಾರ!”

“ಹೂಂ! ಮುಖ್ಯ ಜಾಗಾನs ಕತ್ತರಿಸ್ಯಾರ! ಲೈಟ್ ಹಚ್ರಿ!”

ದೀಪ ಹತ್ತಿತು. ಸಿನೆಮಾ ನಿಂತಿತು. ಅಫ್ತಾಬ ಸರ್ ಕೈಜೋಡಿಸಿ ಎದ್ದರು. “ಶಾಂತ ಆಗ್ರಿ. ಇದು ಕನಸಿನ ರೀತಿಯ ಸಿನೆಮಾ. ಇದರಾಗ ಕಥಿ ಹುಡುಕಬಾರದು.”

“ಕಥಿ ಕಳದವರು ನೀವು, ಹುಡುಕಬ್ಯಾಡ ಅಂತ ನಮಗ ಹೇಳತೀರಿ?” ಹಳದಿ ರುಮಾಲಿನ ಮುದುಕನೊಬ್ಬ ಎದ್ದು ನಿಂತ. “ಆ ಜಾಕೀಟಿನವರು ಮೈಕಿನಾಗ ಹೇಳ್ಯಾರ, ಮೈದುನ ಅದಾನ. ತೋರಸ್ರಿ.”

ಜಾಕೀಟಿನವನು ಪರದೆಯ ಹಿಂದೆ ಸರಿಯುತ್ತಿದ್ದ. ಕಟ್ಟುಮಸ್ತಾದ ತರುಣನೊಬ್ಬ ಸ್ಪೀಕರಿನ ಮೇಲೆ ಕೈಯಿಟ್ಟ. ಅದು ಸ್ಪೀಕರನ್ನು ಹೊಗಳುವ ಕೈಯಾಗಿರಲಿಲ್ಲ. ರೇವಣಪ್ಪ ಬೆವರಿದ. ಇಂಡಿಯ ಓಣಿಯೆಲ್ಲ ನೋಡುತ್ತಿದೆ, ನಾಳೆಯಿಂದ ಯಾರ ಮನೆಯ ಪೆಂಡಾಲಿಗೆ ಹೋದರೂ ‘ಮೈದುನ ಬಂದ’ ಎನ್ನುತ್ತಾರೆ. ಆತ ಮೈಕು ಹಿಡಿದು, ಮುಳುಗುವವನ ದನಿಯಲ್ಲಿ ಒಂದೇ ಮಾತು ಹೇಳಿದ:

“ನಮ್ಮ ಮನಿಯಾಕಿ ಕಡೀತನಕ ನೋಡ್ಯಾಳ. ಆಕಿನ್ನ ಕೇಳ್ರಿ.”

ಮೈಕು ಕೈಯಿಂದ ಕೈಗೆ ದಾಟಿ ಕಾವೇರಿಯ ಮುಂದೆ ಬಂತು. ಆಕೆ ಎದ್ದು ನಿಂತಳು. ಎದುರಿಗೆ ಅಷ್ಟು ಜನ. ಒಂದು ಮಗ್ಗುಲಿಗೆ, ಕಟ್ಟಿದ ಕಥೆ ಬಯಲಾದೀತೆಂದು ಸೆರಗು ಬಾಯಿಗೆ ಒತ್ತಿಕೊಂಡ ಸುಂದರವ್ವ. ವೇದಿಕೆಯ ಮೇಲೆ ಗಂಡ. ಹೊಸ ಜಾಕೀಟಿನ ಗುಂಡಿಯನ್ನು ತಿರುವುತ್ತಿದ್ದ.

“ಖರೆ ಹೇಳ ತಾಯಿ,” ಅಂದ ರುಮಾಲಿನ ಮುದುಕ. “ಮೈದುನ ಅದಾನೋ ಇಲ್ಲೋ?”

“ಅದಾನ್ರಿ ಯಜ್ಜಾ,” ಅಂದಳು ಕಾವೇರಿ.

“ಎಲ್ಲಿ ಅದಾನ?”

“ನಳಾ ಬಂದಿತ್ತಲ್ರಿ? ನೀರು ಹಿಡಿಯಾಕ ಹೋಗ್ಯಾನ.”

ಮಂಟಪದ ಉದ್ದಕ್ಕೂ ಒಂದು ನಿಟ್ಟುಸಿರು ಹರಿದುಹೋಯಿತು. ನೀರು ಹಿಡಿಯಲು ಹೋದವನು ಹೇಗೆ ಕಾಣಿಸಿಕೊಂಡಾನು? ಕಾಲಿಗೆ ಬೀಳುವುದೇನು, ನಾಳೆ ಬಿದ್ದರಾಯಿತು. “ಹಾಂಗ ಹೇಳ್ರಿ ಮತ್ತ,” ಎಂದು ಮುದುಕ ರುಮಾಲು ಸರಿಮಾಡಿಕೊಂಡು ಕೂತ. ಸ್ಪೀಕರಿನ ಮೇಲಿನ ಕೈ ಇಳಿಯಿತು.

ಆದರೆ ಹೆಂಗಸರ ಕಡೆಯಿಂದ ಒಬ್ಬ ಮುದುಕಿಯ ದನಿ ಬಂತು. “ಅಂವ ಹೋಗ್ಯಾನ, ಸರಿ. ನೀರು ಬಂದಾಗ ಆಕಿ ಯಾಕ ಹೋಗಲಿಲ್ಲ ಯವ್ವಾ?”

ಕಾವೇರಿಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಈ ಸಲ ಉತ್ತರ ತಾನಾಗಿ ಬಂತು.

“ಆಕಿಗೆ ಕುಂದ್ರಬೇಕು ಅನ್ನಿಸ್ತು.”

ಅದೇ ಮುದುಕಿ, “ಅನ್ನಸ್ತದ,” ಅಂದಳು, ಯಾರಿಗೂ ಹೇಳದವಳಂತೆ.

ಕಥೆ ಮುಗಿಯಿತೆಂದು ತಿಳಿದು ಜನ ಸಮಾಧಾನದಿಂದ ಎದ್ದು ಹೊರಟರು. ಉಳಿದ ಸಿನೆಮಾವನ್ನು ಹಚ್ಚಿರೆಂದು ಯಾರೂ ಕೇಳಲಿಲ್ಲ. ಟೆಂಪೋದಲ್ಲಿ ರೇವಣಪ್ಪ ಚಾಲಕನ ಪಕ್ಕ ಕೂತು, “ನಾ ಮೊದಲs ಹೇಳಿದ್ನಿ, ಮೈದುನ ಅದಾನ ಅಂತ,” ಎಂದು ಊರು ಬರುವ ತನಕ ಹೇಳುತ್ತಿದ್ದ. ಆ ಮಾತನ್ನು ಆತ ಈಗ ಪೂರ್ತಿ ನಂಬಿದ್ದ.

ಟೆಂಪೋ ಹತ್ತುವ ಮೊದಲು ಅಫ್ತಾಬ ಸರ್ ಕಾವೇರಿಯ ಹತ್ತಿರ ಬಂದಿದ್ದರು. “ಅಕ್ಕಾರ, ಇದನ್ನ ಕಡೀತನಕ ನೋಡಿದವರು ನೀವೊಬ್ಬರ,” ಅಂದರು. “ಹೌದ್ರಿ,” ಅಂದಳು. ಏನು ತಿಳಿಯಿತೆಂದು ಅವರು ಕೇಳಲಿಲ್ಲ. “ಮುಂದಿನ ರವಿವಾರ ಸಿಂದಗಿಯಾಗ ಇನ್ನೊಂದು ಐತ್ರಿ. ಕುರ್ಚಿ, ಸ್ಪೀಕರು ಎಲ್ಲಾ ಅಲ್ಲೇ ಅದಾವು,” ಎಂದಷ್ಟೇ ಹೇಳಿ, ರೇವಣಪ್ಪ ಬರುವುದನ್ನು ಕಂಡು ಬೇಗ ಬೇಗ ಹೋದರು.

ಮರುದಿನ ಮತ್ತೆ ಸುಂದರವ್ವನ ಅಂಗಳ, ಮತ್ತೆ ಹಿಟ್ಟು, ಕುದಿವ ಎಸರು. ಕಾವೇರಿ ಗೋಡೆಯ ಒಲೆಗೆ ಕೂತು ಸೆರಗು ಸಿಕ್ಕಿಸಿದ್ದಳೋ ಇಲ್ಲವೋ, ಸುಂದರವ್ವ ಶುರು ಮಾಡಿದಳು.

“ಬಾಗೇವಾಡಿಯಾಗ ಮಾನಾ ಉಳಿಸಿದಿ ಬಿಡವಾ. ಈಗ ನಮಗಷ್ಟs ಹೇಳು. ನೀರು ತುಂಬಿದ ಮ್ಯಾಲ ಏನಾತು?”

ಅದನ್ನು ಕಾವೇರಿ ಚೆನ್ನಾಗಿ ಬಲ್ಲಳು. ಖಾಲಿ ಕುರ್ಚಿಗಳ ನಡುವೆ ಒಬ್ಬಳೇ ಕೂತು ನೋಡಿದ್ದಳು. ನೀರು ಮನೆಯನ್ನು ತುಂಬಿ ಮಾಳಿಗೆಗೆ ಏರಿತು. ಆ ಹೆಂಗಸಿನ ಮಂಚ ತೇಲಿ ಮೇಲೆ ಬಂತು, ಮಂಚದ ಮೇಲೆ ಆಕೆ. ಎತ್ತು ನೀರಲ್ಲಿ ನಿಂತು ಮೆಲುಕು ಹಾಕುತ್ತಿತ್ತು. ಆಕೆ ಜಡೆ ಬಿಚ್ಚಿದಳು, ನಿಧಾನಕ್ಕೆ ಬಾಚಿಕೊಂಡಳು, ಮತ್ತೆ ಹೆಣೆದಳು, ಬೇಡವೆನ್ನಿಸಿ ಮತ್ತೆ ಬಿಚ್ಚಿದಳು. ಅಷ್ಟು ಹೊತ್ತೂ ಯಾರೂ ಆಕೆಯನ್ನು ಕರೆಯಲಿಲ್ಲ. ಅದು ಯಾಕೆಂದು ಸಿನೆಮಾ ಹೇಳಲಿಲ್ಲ. ಕಾವೇರಿ ಕೇಳಲೂ ಇಲ್ಲ.

ಇದನ್ನು ಈ ಅಂಗಳದಲ್ಲಿ ಇಟ್ಟರೆ ಮಂಚ ಯಾರ ತವರಿನದೆಂದು ಮೊದಲು ತೀರ್ಮಾನವಾಗುತ್ತದೆ. ಆಮೇಲೆ ಬಾಚಣಿಗೆ ತಂದುಕೊಟ್ಟವನು ಯಾರೆಂದು. ಸಂಜೆಯೊಳಗೆ ಆಕೆಗೆ ಮಕ್ಕಳೂ ಆಗಿರುತ್ತವೆ.

“ನೀವೆಲ್ಲಾ ಎದ್ದು ಹೋಗೂ ಹೊತ್ತಿಗೆ ನನಗೂ ನಿದ್ದಿ ಹತ್ತಿತ್ತಕ್ಕಾ,” ಅಂದಳು.

“ನಿದ್ದಿ!” ಸೈದಾಬಿ ಹಿಟ್ಟಿನ ಕೈಯನ್ನು ಹಣೆಗೆ ಬಡಿದುಕೊಂಡಳು. “ಅಲ್ಲಾ! ಅದಕ್ಕs ನಳಾ ಬಂದ್ರೂ ಎದ್ದಿಲ್ಲ ಇಕಿ!”

ಓಣಿಯ ದೊಡ್ಡ ಒಗಟೊಂದು ಬಿಡಿಸಿದಂತಾಯಿತು. ಎಲ್ಲರಿಗೂ ನಗು, ಎಲ್ಲರಿಗೂ ಹಗುರ. ನ್ಯಾಯ ನ್ಯಾಯವೇ ಆದ್ದರಿಂದ ಕಾವೇರಿ ತಾನಾಗಿ ಎದ್ದು, ಹಿಟ್ಟಿನ ಪರಾತ ಎತ್ತಿಕೊಂಡು ಹೊಗೆಯ ಒಲೆಗೆ ಹೋದಳು. ರಾಜಬಿ ಗೋಡೆಯ ಒಲೆಗೆ ಬಂದು ಕೂತು, ಒಬ್ಬ ಸೊಸೆ, ಅವಳ ಅವಳಿ ತಂಗಿ, ಕಳೆದುಹೋದ ಒಂದು ಸರದಿಂದ ಶುರು ಮಾಡಿದಳು. ಅದು ಈ ಮದುವೆಯಲ್ಲಿ ಮುಗಿಯುವ ಕಥೆಯಲ್ಲ ಎಂಬುದು ಮೊದಲ ಮಾತಿಗೇ ಎಲ್ಲರಿಗೂ ಗೊತ್ತಾಯಿತು.

ಅವಳಿ ತಂಗಿ ಬಾವಿಗೆ ಇಣುಕುವ ಹೊತ್ತಿಗೆ ರಸ್ತೆಯಲ್ಲಿ ನಬಿಲಾಲನ ದನಿ ಕೇಳಿತು. “ನೀರು ಬಿಟ್ಟೇನ್ರೀ! ಈ ಸಲ ನಾನs ಬಿಟ್ಟೇನಿ! ಖರೆ ನೀರು!”

ಹೆಂಗಸರು ಹಿಟ್ಟಿನ ಕೈಯಲ್ಲೇ ಎದ್ದು ಓಡಿದರು. ಸುಂದರವ್ವ ಬಾಗಿಲಲ್ಲಿ ತಿರುಗಿ ನಿಂತಳು. “ಏ ಕಾವೇರಿ, ಬಾರs!”

“ಹಂಚಿನ ಮ್ಯಾಲ ರೊಟ್ಟಿ ಐತಕ್ಕಾ,” ಅಂದಳು ಕಾವೇರಿ.

ಹಂಚಿನ ಮೇಲೆ ರೊಟ್ಟಿಯಿದ್ದವಳನ್ನು ಎಬ್ಬಿಸುವ ಹಕ್ಕು ಆ ಓಣಿಯಲ್ಲಿ ಯಾರಿಗೂ ಇಲ್ಲ. ಸುಂದರವ್ವ ಓಡಿದಳು. ಅಂಗಳ ಖಾಲಿಯಾಯಿತು. ಹೊರಗೆ ಕೊಡಗಳು ಒಂದಕ್ಕೊಂದು ತಾಕುವ ಸಪ್ಪಳ, ಗಂಡ ಯಾರಿಗೋ ಪೈಪು ಸರಿಸಲು ಕೂಗಿ ಹೇಳುತ್ತಿದ್ದ ಸಪ್ಪಳ. ಹೊಗೆ ಕಣ್ಣಿಗೆ ಬಂತು. ಕಾವೇರಿ ಮುಖ ಆಚೆ ತಿರುಗಿಸಿದಳು, ಜಾಗ ಬಿಟ್ಟು ಏಳಲಿಲ್ಲ.

ಸಿಂದಗಿಗೆ ಮಧ್ಯಾಹ್ನ ಒಂದು ಬಸ್ಸಿದೆ. ರವಿವಾರ ಗಂಡ ಮುದ್ದೇಬಿಹಾಳದಲ್ಲಿ ಪೆಂಡಾಲು ಕಟ್ಟಲು ಹೋಗುವವನು. ಕಿಟಕಿಯ ಕಡೆ ಸೀಟು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ನಿಂತುಕೊಂಡಾದರೂ ಸರಿ.

ಆಕೆ ರೊಟ್ಟಿಯನ್ನು ತಿರುವಿ ಹಾಕಿದಳು. ಅದು ಉಬ್ಬಿತು. ಇನ್ನೊಂದು ಉಂಡೆಗೆ ಕೈ ಹಾಕಿದಳು.